ರಿಪೋರ್ಟಿನಲ್ಲಿ ಏನೂ ಇಲ್ಲ, ಆದರೂ ಮಗುವಿಗೆ ನೋವು



ಮಗು ಬಿದ್ದು ಮಂಡಿ ತರಚಿಕೊಂಡರೆ ಏನು ಮಾಡಬೇಕೆಂದು ನಮಗೆ ಗೊತ್ತು. ಗಾಯ ತೊಳೆಯುತ್ತೇವೆ, ಮುಲಾಮು ಹಚ್ಚುತ್ತೇವೆ, ಎರಡು ದಿನದಲ್ಲಿ ಮಗು ಮತ್ತೆ ಓಡಾಡುತ್ತದೆ. ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಆದರೆ ತಿಂಗಳುಗಟ್ಟಲೆ ಹೊಟ್ಟೆನೋವು, ತಲೆನೋವು, ಕಾಲುನೋವು ಎನ್ನುವ ಮಗುವಿನ ಮುಂದೆ ದಿಕ್ಕು ತೋಚದೆ ನಿಲ್ಲುತ್ತೇವೆ. ರಕ್ತಪರೀಕ್ಷೆ ಸರಿಯಿದೆ, ಸ್ಕ್ಯಾನಿಂಗ್ ಸರಿಯಿದೆ, ಡಾಕ್ಟರು "ಏನೂ ಇಲ್ಲ" ಎನ್ನುತ್ತಾರೆ. ಮಗು ಮಾತ್ರ "ನೋಯ್ತೈತಮ್ಮಾ" ಎಂದು ಮುದುರಿಕೊಂಡು ಮಲಗುತ್ತದೆ. ಇಂಥ ವೇಳೆಯಲ್ಲಿ ಯಾರನ್ನು ನಂಬಬೇಕು?

ಈ ವಾರದ ಪಾಠ ಇದನ್ನೇ ಕುರಿತದ್ದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಇಬ್ಬರನ್ನೂ ನಂಬಬೇಕು. ಪರೀಕ್ಷೆಯಲ್ಲಿ ಏನೂ ಕಾಣದಿರುವುದೂ ನಿಜ, ಮಗುವಿಗೆ ನೋಯುತ್ತಿರುವುದೂ ನಿಜ. ಈ ಎರಡು ನಿಜಗಳು ಒಟ್ಟಿಗೆ ಇರಬಲ್ಲವು. ಅದು ಹೇಗೆ ಎಂಬುದನ್ನು ವೈದ್ಯಶಾಸ್ತ್ರ ಕಳೆದ ಕೆಲವು ದಶಕಗಳಲ್ಲಿ ಚೆನ್ನಾಗಿ ಅರ್ಥಮಾಡಿಕೊಂಡಿದೆ. ಆ ತಿಳುವಳಿಕೆ ಮನೆಗೆ ತಲುಪದಿದ್ದರೆ ಎರಡು ಅನಾಹುತಗಳಾಗುತ್ತವೆ. ಒಂದು, ಮಗುವಿಗೆ ಸುಳ್ಳುಗಾರ, ಶಾಲೆಗಳ್ಳ ಎಂಬ ಹೆಸರು ಬರುತ್ತದೆ. ಇನ್ನೊಂದು, ಹೊನ್ನಾಳಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಶಿವಮೊಗ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ಅಲೆದು ಅದೇ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿಸಿ ಕುಟುಂಬ ಸಾಲಕ್ಕೆ ಬೀಳುತ್ತದೆ. ಈ ನಡುವೆ ಮಗುವಿನ ಒಂದು ವರ್ಷದ ಓದು ಹಾಳಾಗಿರುತ್ತದೆ.

ದೀರ್ಘಕಾಲದ ನೋವು ಎಂದರೇನು?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ, ಅಥವಾ ಹೋಗಿ ಹೋಗಿ ಮರಳಿ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಹೊಟ್ಟೆನೋವು, ತಲೆನೋವು, ಬೆನ್ನು ಮತ್ತು ಕೈಕಾಲುಗಳ ನೋವು.

ಇದು ಅಪರೂಪದ ಸಂಗತಿಯೇನಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ಅವರ ಸಹೋದ್ಯೋಗಿ ನೋರಾ ನೇಯ್ಶ್ ಒಂದು ಸಾವಿರ ಶಾಲಾ ಮಕ್ಕಳನ್ನು ಪರಿಶೀಲಿಸಿ 1958ರಲ್ಲಿ ಒಂದು ವರದಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಮೂರು ಸಲವಾದರೂ ಆಟಪಾಠ ನಿಲ್ಲಿಸುವಷ್ಟು ಹೊಟ್ಟೆನೋವು ಬಂದಿದ್ದ ಮಕ್ಕಳು ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚೇ ಇದ್ದರು. ಆಸ್ಪತ್ರೆಯಲ್ಲಿ ವಿವರವಾಗಿ ಪರೀಕ್ಷಿಸಿದ ಇಂಥ ಮಕ್ಕಳಲ್ಲಿ ಬಹುಪಾಲು ಮಂದಿಗೆ ದೇಹದ ಯಾವ ರೋಗವೂ ಕಂಡುಬರಲಿಲ್ಲ. ನಿಮ್ಮ ಊರಿನ ಶಾಲೆಯ ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ, ಇಂಥ ನೋವು ಕಂಡವರು ಅವರಲ್ಲಿಯೂ ಕೆಲವರು ಇದ್ದೇ ಇರುತ್ತಾರೆ. ಆದುದರಿಂದ ನಮ್ಮ ಮಗುವಿಗೊಬ್ಬನಿಗೇ ಹೀಗಾಗಿದೆ ಎಂದು ಯಾವ ತಾಯಿಯೂ ಎದೆಗುಂದಬೇಕಾಗಿಲ್ಲ.

ಮಕ್ಕಳ ನೋವನ್ನು ದೊಡ್ಡವರು ನಂಬದಿರುವುದು ಹಳೆಯ ರೂಢಿ. ವೈದ್ಯರೂ ಇದಕ್ಕೆ ಹೊರತಾಗಿರಲಿಲ್ಲ. ಹಸುಗೂಸುಗಳ ನರಗಳು ಇನ್ನೂ ಬಲಿತಿಲ್ಲ, ಅವುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂಬ ನಂಬಿಕೆ 1980ರ ದಶಕದವರೆಗೂ ಇತ್ತು; ಎಷ್ಟೋ ಶಿಶುಗಳಿಗೆ ತೀರ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಭಾರತದಲ್ಲಿ ವೈದ್ಯಕೀಯ ಓದಿ ಹೊರದೇಶಕ್ಕೆ ಹೋದ ಡಾ. ಕನ್ವಲ್‌ಜೀತ್ ಆನಂದ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಈ ನಂಬಿಕೆಯನ್ನು ಅಲುಗಾಡಿಸಿದವು. ಆಗತಾನೇ ಹುಟ್ಟಿದ ಶಿಶುವಿಗೂ ನೋವಾಗುತ್ತದೆ, ಆ ನೋವು ಅದರ ದೇಹದ ಮೇಲೆ ಪರಿಣಾಮ ಬೀರುತ್ತದೆ ಎಂದು ಅವರು ತೋರಿಸಿಕೊಟ್ಟರು. ಮಾತು ಬಾರದ ಕೂಸಿನ ನೋವನ್ನೇ ಒಪ್ಪಿಕೊಂಡ ಮೇಲೆ, ಬಾಯಿಬಿಟ್ಟು ಹೇಳುವ ಮಗುವಿನ ನೋವನ್ನು ತಳ್ಳಿಹಾಕುವುದು ಸರಿಯೇ?

ಮೊದಲ ಹೆಜ್ಜೆ: ದೇಹದ ರೋಗವನ್ನು ಹುಡುಕುವುದು

ಹಾಗೆಂದು ಎಲ್ಲ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಳ್ಳೆಯ ವೈದ್ಯರು ಮೊದಲು ಕೇಳುತ್ತಾರೆ, ಆಮೇಲೆ ಮುಟ್ಟಿ ನೋಡುತ್ತಾರೆ, ಅಗತ್ಯವಿದ್ದಷ್ಟು ಪರೀಕ್ಷೆ ಬರೆಯುತ್ತಾರೆ. ನಮ್ಮ ಕಡೆಯ ಮಕ್ಕಳ ಹೊಟ್ಟೆನೋವಿಗೆ ಜಂತುಹುಳು, ಮಲಬದ್ಧತೆ, ಮೂತ್ರನಾಳದ ಸೋಂಕು ಮುಂತಾದ ಸಾಮಾನ್ಯ ಕಾರಣಗಳಿರಬಹುದು. ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುವ ಹುಡುಗಿಯರಲ್ಲಿ ಮಲಬದ್ಧತೆಯೂ ಮೂತ್ರದ ಸೋಂಕೂ ಸುಲಭವಾಗಿ ಉಂಟಾಗುತ್ತವೆ. ಇವುಗಳಿಗೆ ಸರಳವಾದ ಔಷಧಿ ಇದೆ.

ನಮ್ಮ ಸೀಮೆಗೇ ಸೇರಿದ ಕಾರಣಗಳೂ ಇವೆ. ಜಗಳೂರು ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದು ನಿಯಮವಿದೆ. ವರ್ಷಾನುಗಟ್ಟಲೆ ಅಂಥ ನೀರು ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಮುಂದೆ ಮೂಳೆ ಕೀಲುಗಳು ನೋಯುತ್ತವೆ, ಬಿಗಿಯುತ್ತವೆ. ಇನ್ನು ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರನ್ನು ನೀವು ಕೇಳಿರಬಹುದು. 1970ರ ದಶಕದಲ್ಲಿ ಅಲ್ಲಿ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ನೋಯುವ, ಕ್ರಮೇಣ ನಡೆಯಲಾಗದಂತೆ ಮಾಡುವ ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದುದರಿಂದ ಹೀಗಾಗಿರಬಹುದೇ ಎಂಬ ಅನುಮಾನವೂ ಮೊದಲು ಇತ್ತು. ಕೊನೆಗೆ ಇದು ಮೂಳೆಗಳ ಬೆಳವಣಿಗೆಗೆ ಸಂಬಂಧಿಸಿದ, ವಂಶಪಾರಂಪರ್ಯವಾಗಿ ಬರುವ ದೋಷವೆಂದು ತಿಳಿಯಿತು. ಅವರ ನೋವನ್ನು ಸೋಮಾರಿತನವೆಂದು ತಳ್ಳಿಹಾಕಿದ್ದರೆ ಆ ಕಾಯಿಲೆಗೆ ಹೆಸರೇ ಸಿಗುತ್ತಿರಲಿಲ್ಲ.

ಆದುದರಿಂದ ಕೆಳಗಿನ ಚಿಹ್ನೆಗಳಲ್ಲಿ ಒಂದು ಕಂಡರೂ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿರಿ.

1. ಮಗುವಿನ ತೂಕ ಇಳಿಯುತ್ತಿರುವುದು, ವಯಸ್ಸಿಗೆ ತಕ್ಕಂತೆ ಬೆಳೆಯದಿರುವುದು.
2. ಬಿಟ್ಟುಬಿಡದೆ ಕಾಡುವ ಜ್ವರ.
3. ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ. ಹಸಿರು ಬಣ್ಣದ ವಾಂತಿ.
4. ಹೊಕ್ಕುಳಿನಿಂದ ದೂರಕ್ಕೆ, ಒಂದೇ ಕಡೆ ನಿಂತ ಹೊಟ್ಟೆನೋವು. ಗಾಢ ನಿದ್ರೆಯಿಂದ ಎಬ್ಬಿಸುವ ಹೊಟ್ಟೆನೋವು.
5. ಕೀಲು ಊದಿಕೊಳ್ಳುವುದು, ಬೆಳಿಗ್ಗೆ ಎದ್ದಾಗ ಕೈಕಾಲು ಬಿಗಿಯುವುದು, ಕುಂಟುವುದು, ಯಾವಾಗಲೂ ಒಂದೇ ಕಾಲು ನೋಯುವುದು.
6. ಬೆಳಗಿನ ಜಾವ ತಲೆನೋವಿನೊಂದಿಗೆ ವಾಂತಿ, ದೃಷ್ಟಿ ಮಂಜಾಗುವುದು, ನಡಿಗೆ ತಪ್ಪುವುದು.

ಬೆಳೆಯುವ ಮಕ್ಕಳ ಕಾಲುನೋವಿನ ಬಗ್ಗೆ ಇಲ್ಲಿ ಒಂದು ಮಾತು. ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಸಂಜೆ ಅಥವಾ ರಾತ್ರಿ ಎರಡೂ ಕಾಲುಗಳು ನೋಯುವುದು, ತಾಯಿ ನೀವಿದರೆ ಕಡಿಮೆಯಾಗುವುದು, ಬೆಳಿಗ್ಗೆ ಎದ್ದು ಏನೂ ಆಗದವರಂತೆ ಓಡುವುದು ಸಾಮಾನ್ಯ. ಅದಕ್ಕೆ ಹೆದರಬೇಕಾಗಿಲ್ಲ.

"ಏನೂ ಇಲ್ಲ" ಎಂದರೆ ಏನರ್ಥ?

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇಲಿನ ಯಾವ ಚಿಹ್ನೆಯೂ ಇಲ್ಲ, ಪರೀಕ್ಷೆಗಳು ಸರಿಯಾಗಿವೆ. ಆಗ ವೈದ್ಯರು "ಏನೂ ಇಲ್ಲ" ಎನ್ನುತ್ತಾರೆ. ಅವರ ಮಾತಿನ ಅರ್ಥ "ಗಾಯ, ಹುಣ್ಣು, ಗಡ್ಡೆ, ಸೋಂಕು ಇಲ್ಲ" ಎಂದು. ನಾವು ಕೇಳಿಸಿಕೊಳ್ಳುವುದು "ನೋವೇ ಇಲ್ಲ" ಎಂದು. ಎರಡೂ ಒಂದೇ ಅಲ್ಲ.

ನೋವು ಎಂಬುದು ಗಾಯದಲ್ಲೇ ಹುಟ್ಟಿ ಗಾಯದಲ್ಲೇ ಮುಗಿಯುವ ವಸ್ತುವಲ್ಲ. ಚರ್ಮ, ಹೊಟ್ಟೆ, ಕೀಲುಗಳಲ್ಲಿರುವ ನರಗಳು ಸುದ್ದಿ ಕಳುಹಿಸುತ್ತವೆ. ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗುತ್ತದೆ. ಆ ಸುದ್ದಿ ಎಷ್ಟು ಅಪಾಯಕರವೆಂದು ಮಿದುಳು ತೂಗಿ ನೋಡಿದ ಮೇಲೆ ನಮಗೆ ನೋವಿನ ಅನುಭವವಾಗುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ಏರ್ಪಾಡಿದೆ, ಅದು ನೋವಿನ ಸುದ್ದಿಯನ್ನು ಕೆಲವೊಮ್ಮೆ ಹೆಚ್ಚಾಗಿ, ಕೆಲವೊಮ್ಮೆ ಕಡಿಮೆಯಾಗಿ ಮೇಲೆ ಬಿಡುತ್ತದೆ ಎಂದು ಸೂಚಿಸಿದರು. ಗದ್ದೆಯಲ್ಲಿ ಕಳೆ ಕೀಳುವಾಗ ಕುಡುಗೋಲು ತಾಗಿದ್ದು ಮನೆಗೆ ಬಂದು ಕಾಲು ತೊಳೆಯುವಾಗಲಷ್ಟೇ ತಿಳಿಯುತ್ತದೆ, ಅಲ್ಲವೇ? ಗಾಯ ಆಗಲೇ ಇತ್ತು, ನೋವು ಆಮೇಲೆ ಬಂತು. ಪೆಟ್ಟು ತಗುಲಿದ ಮಗುವಿನ ಮಂಡಿಯನ್ನು ತಾಯಿ ಉಜ್ಜಿದರೆ ನೋವು ತಗ್ಗುವುದೂ ಇದೇ ಬಾಗಿಲಿನ ಕೆಲಸ.

ಗಾಯವಿದ್ದೂ ನೋವಿಲ್ಲದಿರಬಹುದಾದರೆ, ಗಾಯ ಮಾಸಿದ ಮೇಲೂ ನೋವು ಉಳಿಯಬಹುದು. ನಮ್ಮ ತೋಟದ ಪಂಪ್‌ಸೆಟ್ಟನ್ನು ನೆನೆಯಿರಿ. ಮೋಟಾರಿಗೆ ಅಪಾಯವಾದಾಗ ಸ್ಟಾರ್ಟರ್ ಟ್ರಿಪ್ ಆಗಬೇಕು; ಅದು ಒಳ್ಳೆಯದೇ, ಮೋಟಾರು ಸುಡದಂತೆ ಕಾಪಾಡುತ್ತದೆ. ಆದರೆ ಕೆಲವೊಮ್ಮೆ ಸ್ಟಾರ್ಟರಿನ ಸೆಟ್ಟಿಂಗ್ ತೀರ ಸೂಕ್ಷ್ಮವಾಗಿಬಿಡುತ್ತದೆ. ಆಗ ಕರೆಂಟು ತುಸು ಹೆಚ್ಚುಕಡಿಮೆಯಾದರೂ ಟ್ರಿಪ್ ಆಗುತ್ತದೆ. ಮೋಟಾರು ಬಿಚ್ಚಿ ನೋಡಿದರೆ ಸರಿಯಾಗಿದೆ, ವೈರಿಂಗ್ ಸರಿಯಾಗಿದೆ. ಮೆಕ್ಯಾನಿಕ್ "ಮೋಟಾರಿಗೆ ಏನೂ ಆಗಿಲ್ಲ" ಎನ್ನುತ್ತಾನೆ. ಅವನು ಹೇಳುವುದು ನಿಜ. ಆದರೆ ತೋಟಕ್ಕೆ ನೀರು ಹೋಗುತ್ತಿಲ್ಲ ಎಂಬುದೂ ನಿಜ. ಸರಿಪಡಿಸಬೇಕಾದುದು ಮೋಟಾರನ್ನಲ್ಲ, ಸೆಟ್ಟಿಂಗನ್ನು.

ಮಕ್ಕಳ ದೀರ್ಘಕಾಲದ ನೋವಿನಲ್ಲಿ ಬಹಳ ಸಲ ಆಗುವುದು ಇದೇ. ಒಂದು ಸಲ ಜೋರಾಗಿ ವಾಂತಿಭೇದಿಯಾಗಿರುತ್ತದೆ. ಸೋಂಕು ವಾರದಲ್ಲಿ ಹೋಗುತ್ತದೆ, ಕರುಳಿನ ನರಗಳು ಮಾತ್ರ ಎಚ್ಚರಿಕೆಯ ಸ್ಥಿತಿಯಲ್ಲೇ ಉಳಿಯುತ್ತವೆ. ಆಮೇಲೆ ಊಟವಾದಾಗ ಕರುಳು ಮಾಮೂಲಿನಂತೆ ಹಿಗ್ಗಿದರೂ, ಗಾಳಿ ತುಂಬಿದರೂ, ಮಗುವಿಗೆ ನೋವೆಂದೇ ತಿಳಿಯುತ್ತದೆ. ನಿದ್ರೆಗೇಡು, ಪರೀಕ್ಷೆಯ ಭಯ, ಮನೆಯಲ್ಲಿನ ಜಗಳ, ಹಿಂದಿನ ನೋವಿನ ನೆನಪು ಇವೆಲ್ಲ ಆ ಸೆಟ್ಟಿಂಗನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ. ನೋವೇ ಒಂದು ಕಾಯಿಲೆಯಾಗಿ ನಿಲ್ಲಬಹುದು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ನೋವಿಗೆ ಅದರದೇ ಸ್ಥಾನವನ್ನು ಕೊಡಲಾಗಿದೆ.

"ಮಾನಸಿಕ" ಎಂದರೆ ಸುಳ್ಳೇ?

ಡಾಕ್ಟರು "ಸ್ವಲ್ಪ ಮಾನಸಿಕ ಒತ್ತಡವೂ ಇರಬಹುದು" ಎಂದೊಡನೆ ನಮ್ಮಲ್ಲಿ ಅನೇಕರಿಗೆ ಸಿಟ್ಟು ಬರುತ್ತದೆ. "ನಮ್ಮ ಮಗುವಿಗೆ ಹುಚ್ಚು ಎನ್ನುತ್ತೀರಾ?" ಎಂದು ಕೇಳಿ ಎದ್ದು ಬಂದವರಿದ್ದಾರೆ. ಇಲ್ಲವೇ, ಮನೆಗೆ ಬಂದು ಮಗುವನ್ನೇ ಗದರಿಸುತ್ತೇವೆ: "ಡಾಕ್ಟರೇ ಹೇಳಿದರು, ನಿನಗೇನೂ ಆಗಿಲ್ಲ, ನಾಟಕ ಸಾಕು!"

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಹುಳಿ ಹುಣಸೆಕಾಯಿಯನ್ನು ಉಪ್ಪು ಖಾರದ ಜೊತೆ ಕಚ್ಚಿದಂತೆ ನೆನೆಸಿಕೊಳ್ಳಿ. ಬಾಯಲ್ಲಿ ನೀರೂರಿತಲ್ಲವೇ? ಹುಣಸೆಕಾಯಿ ನೆನಪಿನಲ್ಲಿತ್ತು, ಆದರೆ ಬಾಯಲ್ಲಿ ಬಂದ ನೀರು ನಿಜವಾದ ನೀರು. ದುಃಖದ ಸುದ್ದಿ ಕೇಳಿದಾಗ ಬರುವ ಕಣ್ಣೀರೂ ಹಾಗೆಯೇ. ಮನಸ್ಸು ಮತ್ತು ದೇಹ ಎರಡು ಬೇರೆ ಮನೆಗಳಲ್ಲ. ಒಂದೇ ಮನೆಯ ಎರಡು ಕೋಣೆಗಳು. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತಿದ್ದಿದ ತನ್ನ ವ್ಯಾಖ್ಯೆಯಲ್ಲಿ ನೋವನ್ನು ದೇಹದ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು ಎಂದೇ ಹೇಳಿದೆ. ಒಬ್ಬ ವ್ಯಕ್ತಿ ನೋವಾಗುತ್ತಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂದೂ ಅದೇ ಸಂಘ ಸ್ಪಷ್ಟಪಡಿಸಿದೆ.

ಆದರೆ ಕೆಲವು ವೇಳೆ ನೋವಿನ ಹಿಂದೆ ಮಗು ಬಾಯಿಬಿಡಲಾರದ ಸಂಕಟವಿರುತ್ತದೆ. ಶಾಲೆಯಲ್ಲಿ ಯಾರೋ ಹೊಡೆಯುತ್ತಿರಬಹುದು, ಅವಮಾನಿಸುತ್ತಿರಬಹುದು, ಮೈಮೇಲೆ ಕೈಹಾಕುತ್ತಿರಬಹುದು. ಸೋಮವಾರ ಬೆಳಿಗ್ಗೆ ಮಾತ್ರ ಬರುವ, ರಜೆಯಲ್ಲಿ ಮಾಯವಾಗುವ ಹೊಟ್ಟೆನೋವನ್ನು ಕಂಡು "ಕಳ್ಳನೋವು" ಎಂದು ನಗಬೇಡಿರಿ. ಏಕಾಂತದಲ್ಲಿ ಕೂರಿಸಿಕೊಂಡು ಮೆಲ್ಲಗೆ ವಿಚಾರಿಸಿರಿ. ಮಗುವಿಗೆ ಅಪಾಯವಿದೆ ಎಂದು ತಿಳಿದರೆ 1098 ಮಕ್ಕಳ ಸಹಾಯವಾಣಿಗೆ ಕರೆಮಾಡಬಹುದು.

ಮಗುವಿಗೆ ಹೇಗೆ ಹೇಳುವುದು?

ತನ್ನ ನೋವು ಏನೆಂದು ಅರ್ಥವಾದರೆ ಮಗುವಿನ ಭಯ ಕಡಿಮೆಯಾಗುತ್ತದೆ, ಭಯ ಕಡಿಮೆಯಾದರೆ ನೋವೂ ತಗ್ಗುತ್ತದೆ. ಆದುದರಿಂದ ವಿವರಣೆಯೇ ಚಿಕಿತ್ಸೆಯ ಮೊದಲ ಭಾಗ ಎಂದು ಮಕ್ಕಳ ನೋವಿನ ತಜ್ಞರು ತಿಳಿಯುತ್ತಾರೆ. ಸ್ಟಾರ್ಟರಿನ ಹೋಲಿಕೆ ದೊಡ್ಡವರಿಗಾಯಿತು. ಎಂಟು ಹತ್ತು ವರ್ಷದ ಮಗುವಿಗೆ ಹೀಗೆ ಹೇಳಬಹುದು:

"ನಮ್ಮ ಅಡಿಕೆ ತೋಟಕ್ಕೆ ಒಂದು ಕಾವಲು ನಾಯಿ ಇದೆ ಅಂದುಕೋ. ಒಂದು ರಾತ್ರಿ ನಿಜವಾಗಿಯೂ ಕಳ್ಳ ಬಂದ. ನಾಯಿ ಜೋರಾಗಿ ಬೊಗಳಿತು, ಕಳ್ಳ ಓಡಿಹೋದ. ಅವತ್ತಿನಿಂದ ನಾಯಿಗೆ ಹೆದರಿಕೆ. ಸೋಗೆ ಬಿದ್ದರೂ ಬೊಗಳುತ್ತದೆ, ಅಳಿಲು ಓಡಿದರೂ ಬೊಗಳುತ್ತದೆ. ಬೊಗಳುವುದು ಸುಳ್ಳಲ್ಲ, ನಮಗೆಲ್ಲ ಕೇಳಿಸುತ್ತದೆ. ಆದರೆ ಕಳ್ಳ ಇಲ್ಲ. ನಿನ್ನ ಹೊಟ್ಟೆಯ ನರಗಳೂ ಆ ನಾಯಿಯ ಹಾಗೆ. ಡಾಕ್ಟರು ಟಾರ್ಚ್ ಹಾಕಿ ತೋಟವೆಲ್ಲ ಹುಡುಕಿದ್ದಾರೆ, ಕಳ್ಳ ಇಲ್ಲ. ಈಗ ನಾವಿಬ್ಬರೂ ಸೇರಿ ನಾಯಿಗೆ ಸಮಾಧಾನ ಕಲಿಸೋಣ."

ನಾಯಿಯನ್ನು ಹೊಡೆದರೆ ಅದು ಇನ್ನೂ ಹೆದರಿ ಬೊಗಳುತ್ತದೆ. ಅದು ಬೊಗಳಿದಾಗಲೆಲ್ಲ ಮನೆಮಂದಿಯೆಲ್ಲ ಎದ್ದು ಓಡಿದರೆ, ಕಳ್ಳನಿದ್ದಾನೆ ಎಂದೇ ನಂಬುತ್ತದೆ. ಎರಡೂ ತಪ್ಪೆಂದು ಮಗುವಿಗೂ ಹೊಳೆಯುತ್ತದೆ. ಈ ಮಾತು ಗದರುವ ತಂದೆಗೂ ಅತಿಯಾಗಿ ಗಾಬರಿಯಾಗುವ ತಾಯಿಗೂ ಅನ್ವಯಿಸುತ್ತದೆ.

ನೋವು ಎಷ್ಟಿದೆ ಎಂದು ಹೇಳಲು ತೊಡಕುವ ಚಿಕ್ಕ ಮಕ್ಕಳಿಗೆ ವೈದ್ಯರು ಸಾಲಾಗಿ ಬರೆದ ಮುಖಗಳ ಚಿತ್ರ ತೋರಿಸುತ್ತಾರೆ: ನಗುಮುಖದಿಂದ ಹಿಡಿದು ಅಳುಮುಖದವರೆಗೆ. ಮಗು ಒಂದನ್ನು ಬೆರಳಿಟ್ಟು ತೋರಿಸಿದರೆ ಸಾಕು.

ಮನೆಯಲ್ಲಿ ನಾವು ಮಾಡಬೇಕಾದುದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮಕ್ಕಳ ದೀರ್ಘಕಾಲದ ನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಮೈಗೆ ಚಟುವಟಿಕೆ, ಮನಸ್ಸಿಗೆ ತರಬೇತಿ, ಅಗತ್ಯವಿದ್ದರೆ ಔಷಧಿ, ಈ ಮೂರನ್ನು ಮಗುವಿಗೆ ತಕ್ಕಂತೆ ಹೊಂದಿಸಬೇಕು ಎಂಬುದು ಅದರ ಸಾರ. ಇದನ್ನು ಮನೆಯ ಮಟ್ಟದಲ್ಲಿ ಹೀಗೆ ಪಾಲಿಸಬಹುದು.

ಒಂದು, ನಂಬಿರಿ, ಆದರೆ ಪದೇ ಪದೇ ಕೇಳಬೇಡಿರಿ. "ನಿನಗೆ ನೋಯುತ್ತಿದೆ ಎಂದು ನನಗೆ ಗೊತ್ತು" ಎಂದು ಒಮ್ಮೆ ಹೇಳಿದರೆ ಸಾಕು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಮತ್ತು ಸಂಗಡಿಗರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಕೆಲವು ಪೋಷಕರಿಗೆ ಹೊಟ್ಟೆಯ ಬಗ್ಗೆಯೇ ಮಾತನಾಡಲು, ಕೆಲವರಿಗೆ ಬೇರೆ ವಿಷಯಕ್ಕೆ ಗಮನ ಸೆಳೆಯಲು ಹೇಳಲಾಯಿತು. ಏನೂ ಹೇಳಿಕೊಡದ ಪೋಷಕರ ಮಕ್ಕಳಿಗೆ ಹೋಲಿಸಿದರೆ, ಹೊಟ್ಟೆಯ ಬಗ್ಗೆ ಮಾತನಾಡಿದಾಗ ಮಕ್ಕಳ ದೂರು ಹೆಚ್ಚುಕಡಿಮೆ ಎರಡರಷ್ಟಾಯಿತು. ಗಮನ ಬೇರೆಡೆಗೆ ತಿರುಗಿಸಿದಾಗ ಅರ್ಧಕ್ಕಿಳಿಯಿತು. ವಿಶೇಷವೆಂದರೆ, ಗಮನ ತಿರುಗಿಸಿದರೆ ಮಗುವಿಗೆ ಬೇಸರವಾದೀತೆಂದು ನೋವಿನ ಮಕ್ಕಳ ಪೋಷಕರು ಅಳುಕಿದ್ದರು. ಮಕ್ಕಳಾದರೋ ಅದರಿಂದ ತಮಗೆ ಹಾಯೆನಿಸಿತು ಎಂದರು.

ಎರಡು, ಶಾಲೆ ಬಿಡಿಸಬೇಡಿರಿ. "ನೋವು ಹೋಗಲಿ, ಆಮೇಲೆ ಶಾಲೆ" ಎನ್ನುವುದು ನಮ್ಮೆಲ್ಲರ ಲೆಕ್ಕ. ಈ ನೋವಿನಲ್ಲಿ ಲೆಕ್ಕ ತಿರುಗುಮುರುಗು. ಮೊದಲು ಬದುಕು ಮರಳಬೇಕು, ನೋವು ಹಿಂದೆ ಸರಿಯುವುದು ಆಮೇಲೆ. ಬಹಳ ದಿನ ಬಿಟ್ಟಿದ್ದರೆ ಮೇಷ್ಟರ ಜೊತೆ ಮಾತನಾಡಿ ಮೊದಲ ವಾರ ಅರ್ಧ ದಿನ, ಆಮೇಲೆ ಪೂರ್ತಿ ದಿನ ಕಳುಹಿಸಿರಿ. ನೋವು ಬಂದರೆ ತರಗತಿಯಲ್ಲೇ ಐದು ನಿಮಿಷ ತಲೆಯಿಟ್ಟು ಕೂರಲು, ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಿರಿ.

ಮೂರು, ಮೈ ಆಡಿಸಲಿ. ಹಾಸಿಗೆ ಹಿಡಿದಷ್ಟೂ ಸ್ನಾಯು ಸೊರಗುತ್ತದೆ, ನೋವು ಹೆಚ್ಚುತ್ತದೆ. ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ ಮೆಲ್ಲಮೆಲ್ಲಗೆ ಹೆಚ್ಚಿಸಿರಿ. ಚೆನ್ನಾಗಿದ್ದ ದಿನ ಅತಿಯಾಗಿ ಕುಣಿದು ಮರುದಿನ ಮಲಗುವುದೂ ಬೇಡ.

ನಾಲ್ಕು, ನಿದ್ರೆ. ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ. ಟಿವಿ, ಮೊಬೈಲು ಮಲಗುವ ಮೊದಲೇ ನಿಲ್ಲಲಿ.

ಐದು, ಉಸಿರಾಟ. ಮಗು ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟುಕೊಳ್ಳಲಿ. ಉಸಿರೆಳೆದಾಗ ಪುಸ್ತಕ ಮೇಲೇಳಬೇಕು, ಬಿಟ್ಟಾಗ ನಿಧಾನ ಇಳಿಯಬೇಕು. ಬೆಳಿಗ್ಗೆ ಸಂಜೆ ಐದು ನಿಮಿಷ, ನೋವಿಲ್ಲದಾಗಲೇ ಅಭ್ಯಾಸವಾಗಲಿ.

ಆರು, ನೋವಿಗಲ್ಲ, ಧೈರ್ಯಕ್ಕೆ ಮೆಚ್ಚುಗೆ ಸಲ್ಲಲಿ. ನೋವೆಂದಾಗ ಬಿಸ್ಕತ್ತು, ಟಿವಿ, ರಜೆ ಎಲ್ಲ ಸಿಕ್ಕಿ, ಎದ್ದು ಶಾಲೆಗೆ ಹೋದ ದಿನ ಯಾರೂ ಮಾತೇ ಆಡದಿದ್ದರೆ ಮಗು ಏನು ಕಲಿಯುತ್ತದೆ?

ಔಷಧಿ, ಸೂಜಿ, ಬರೆ

ಇಂಥ ನೋವಿಗೆ ಒಂದೇ ಏಟಿಗೆ ವಾಸಿಮಾಡುವ ಸೂಜಿಯಿಲ್ಲ. "ಒಂದು ಗ್ಲೂಕೋಸ್ ಬಾಟಲಿ ಹಾಕಿಬಿಡಿ" ಎಂದು ಡಾಕ್ಟರನ್ನು ಒತ್ತಾಯಿಸಬೇಡಿರಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗಿಸಬೇಡಿರಿ. ಪದೇ ಪದೇ ತೆಗೆದುಕೊಂಡ ತಲೆನೋವಿನ ಮಾತ್ರೆಯೇ ತಲೆನೋವನ್ನು ತರಬಲ್ಲದು. ಆಸ್ಪಿರಿನ್ ಅನ್ನು ವೈದ್ಯರು ಹೇಳದೆ ಮಕ್ಕಳಿಗೆ ಕೊಡಲೇಬಾರದು. ಔಷಧಿ ಬೇಕೇ, ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

"ಬಟ್ಟಿ ಬಿದ್ದಿದೆ" ಎಂದು ಹೊಟ್ಟೆಯನ್ನು ಬಲವಾಗಿ ತಿಕ್ಕಿಸುವುದು, ಹೊಟ್ಟೆಯ ಮೇಲೆ ಬರೆ ಹಾಕಿಸುವುದು ಕೆಲವು ಊರುಗಳಲ್ಲಿ ಇನ್ನೂ ಇದೆ. ಅಜ್ಜಿಯ ಕೈ ಮೆತ್ತಗೆ ನೀವಿದರೆ ಹಿತವೇ. ಆದರೆ ಬರೆ ಹಾಕುವುದು ಮಗುವಿಗೆ ಕೊಡುವ ಹೊಸ ಗಾಯ, ಹೊಸ ಭಯ. ಅದನ್ನು ಯಾರೇ ಹೇಳಿದರೂ ಮಾಡಿಸಬೇಡಿರಿ.

ಎಲ್ಲಿಗೆ ಹೋಗುವುದು? ಮೊದಲು ಹೊನ್ನಾಳಿಯ ತಾಲ್ಲೂಕು ಆಸ್ಪತ್ರೆ ಅಥವಾ ನಿಮಗೆ ಪರಿಚಯವಿರುವ ಮಕ್ಕಳ ವೈದ್ಯರು. ಅವರು ಕಳುಹಿಸಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ, ಅವರಿಗೂ ಹೇಳಬಹುದು. ಮನಸ್ಸಿನ ಸಂಕಟಕ್ಕೆ ಕನ್ನಡದಲ್ಲೇ ಸಲಹೆ ಬೇಕಾದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆಮಾಡಬಹುದು. ಹಳೆಯ ಚೀಟಿ, ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು ಜೊತೆಗೆ ಒಯ್ಯಿರಿ. ಮಾಡಿಸಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವುದು ತಪ್ಪುತ್ತದೆ. ನೋವು ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಅಂದು ಏನು ನಡೆದಿತ್ತು, ಹೇಗೆ ಕಡಿಮೆಯಾಯಿತು ಎಂದು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದೇ ದೊಡ್ಡ ನೆರವು.

ನೋವು ಮತ್ತು ನಮ್ಮ ವಿಶ್ವಾಸ

ಒಂದು ತಪ್ಪು ತಿಳುವಳಿಕೆ ನಮ್ಮ ಮನೆಗಳಲ್ಲೂ ಇದೆ. "ದೇವರು ಕೊಟ್ಟ ಶಿಲುಬೆ, ಸಹಿಸಿಕೋ" ಎಂದು ನೋಯುವ ಮಗುವಿಗೆ ಹೇಳಿಬಿಡುತ್ತೇವೆ. ಧರ್ಮಸಭೆಯ ಬೋಧನೆ ಇಷ್ಟಕ್ಕೇ ನಿಲ್ಲುವುದಿಲ್ಲ. ನೋವು ನಿವಾರಣೆಗೆ ಔಷಧಿ ಬಳಸುವುದು ನ್ಯಾಯವೆಂದು ಜಗದ್ಗುರು ಹನ್ನೆರಡನೆಯ ಪಿಯುಸ್ 1957ರಲ್ಲೇ ಅರಿವಳಿಕೆ ತಜ್ಞರಿಗೆ ತಿಳಿಸಿದ್ದರು. ಸಂತ ಎರಡನೆಯ ಜಾನ್ ಪೌಲರು ಮಾನವನ ಯಾತನೆಯ ಅರ್ಥವನ್ನು ಕುರಿತು 1984ರ ಫೆಬ್ರವರಿ 11ರಂದು ಪ್ರಕಟಿಸಿದ ಪತ್ರದಲ್ಲಿ ಒಳ್ಳೆಯ ಸಮಾರಿಯನ ಸಾಮತಿಯನ್ನು ವಿಸ್ತಾರವಾಗಿ ವಿವರಿಸುತ್ತಾರೆ. ದಾರಿಯಲ್ಲಿ ಬಿದ್ದವನ ಬಳಿ ಆ ಸಮಾರಿಯ ಉಪದೇಶ ಮಾಡಲಿಲ್ಲ. ನಿಂತ, ಗಾಯ ತೊಳೆದು ಕಟ್ಟಿದ, ಛತ್ರಕ್ಕೆ ಒಯ್ದ, ಖರ್ಚು ಕೊಟ್ಟ.

ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆ ನರಳುವ ಮಗನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಗುಣಪಡಿಸುವ ಮೊದಲು ಸ್ವಾಮಿ ತಂದೆಯನ್ನು ಒಂದು ಪ್ರಶ್ನೆ ಕೇಳುತ್ತಾರೆ: ಹುಡುಗನಿಗೆ ಇದು ಎಷ್ಟು ಕಾಲದಿಂದ ಹೀಗಿದೆ ಎಂದು. ತಂದೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ, ತನ್ನ ವಿಶ್ವಾಸದ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಕೇಳುವುದು, ಕೇಳಿದ್ದನ್ನು ನಂಬುವುದು, ಆಮೇಲೆ ಕೈಹಿಡಿದು ಎಬ್ಬಿಸುವುದು: ಈ ಕ್ರಮವನ್ನು ವೈದ್ಯರೂ ಪಾಲಿಸುತ್ತಾರೆ, ತಂದೆತಾಯಿಯೂ ಪಾಲಿಸಬಹುದು. ಮಗುವಿನೊಂದಿಗೆ ರಾತ್ರಿ ಪ್ರಾರ್ಥಿಸಿರಿ. "ನೀನು ತಪ್ಪು ಮಾಡಿದ್ದಕ್ಕೆ ದೇವರು ನೋವು ಕೊಟ್ಟ" ಎಂದು ಮಾತ್ರ ಎಂದೂ ಹೇಳಬೇಡಿರಿ.

ಇಂಥ ನೋವು ಒಂದೇ ವಾರದಲ್ಲಿ ಹೋಗುವುದಿಲ್ಲ. ಏರಿಳಿತ ಇರುತ್ತದೆ. ಆದರೆ ಮನೆ, ಶಾಲೆ, ವೈದ್ಯರು ಒಂದೇ ಮಾತು ಹೇಳಿದರೆ ಬಹಳ ಮಕ್ಕಳು ಮತ್ತೆ ಆಟಪಾಠಕ್ಕೆ ಮರಳುತ್ತಾರೆ. ಇಂದು ನೋವೆಷ್ಟಿತ್ತು ಎಂದು ಲೆಕ್ಕ ಹಾಕುವುದನ್ನು ಬಿಟ್ಟು, ಇಂದು ಮಗು ಏನೇನು ಮಾಡಿತು ಎಂದು ಲೆಕ್ಕ ಹಾಕಿರಿ. ಚೇತರಿಕೆ ಮೊದಲು ಕಾಣುವುದು ಅಲ್ಲಿಯೇ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಮಗು ನೋವೆಂದಾಗ ಮೊದಲು ಬರುವ ಮಾತು ಯಾವುದು? ಗದರಿಕೆಯೇ, ಗಾಬರಿಯೇ, ಸಮಾಧಾನವೇ?
2. "ಗಾಯವಿಲ್ಲ" ಎಂಬುದಕ್ಕೂ "ನೋವಿಲ್ಲ" ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಅಜ್ಜ ಅಜ್ಜಿಯರಿಗೆ ಹೇಗೆ ತಿಳಿಸುವಿರಿ?
3. ನಮ್ಮ ಮಕ್ಕಳ ಶಾಲೆಯ ಶೌಚಾಲಯ ಬಳಸುವಂತಿದೆಯೇ? ಇಲ್ಲದಿದ್ದರೆ ಪೋಷಕರು ಸೇರಿ ಏನು ಮಾಡಬಹುದು?
4. ಈ ವಾರ, ನೋವಿನ ಬಗ್ಗೆ ಕೇಳದೆ, ಮಗುವಿನೊಂದಿಗೆ ದಿನವೂ ಅರ್ಧ ಗಂಟೆ ಕಳೆಯಲು ಯಾವ ಹೊತ್ತನ್ನು ಮೀಸಲಿಡುವಿರಿ?